ಆಲ್ಟಡೀನಾದಲ್ಲಿ ಬೆಂಕಿ ಹೊತ್ತಿದ ಸಂಜೆ

ವೆಸ್ಟ್ ಕೊವಿನಾದ ಮೈಥಿಲಿ ವಯಸ್ಸಾದವರ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವರು. ಮೊದಲಿನಿಂದಲೂ ಪುಕ್ಕಲು ಸ್ವಭಾವ. ಫ್ರೀವೇಯಲ್ಲಿ ಲೇನ್ ಬದಲಿಸಲೂ ಹೆದರುತ್ತಿದ್ದರು. ಬೆಟ್ಟದ ತಪ್ಪಲಿನ ಊರು ಆಲ್ಟಡೀನಾದಲ್ಲಿ ಒಬ್ಬರೇ ಇದ್ದ ಸಾಂದ್ರೊ ವೆಲ್ಲಾನಿ ಮೈಥಿಲಿಯ ರೋಗಿ. ಒಂದು ಕಾಲಕ್ಕೆ ಇಟಲಿಯೇ ಆರಾಧಿಸಿದ ನಟ, ತೆರೆಯ ಮೇಲೆ ಸಾವಿಗೂ ಅಂಜದ ವೀರ.

2025ರ ಜನವರಿಯ ಒಂದು ಸಂಜೆ ಅಲ್ಲಿನ ಬೆಟ್ಟಕ್ಕೆ ಬೆಂಕಿ ಬಿತ್ತು. ವೆಲ್ಲಾನಿ ಫೋನ್ ಎತ್ತಲಿಲ್ಲ. ಮೈಥಿಲಿ ಕಾರಿನ ಕೀ ತೆಗೆದುಕೊಂಡರು.

"ಹುಚ್ಚಾ ನಿಂಗೆ? ಎಲ್ಲಾರೂ ಅಲ್ಲಿಂದ ಓಡ್ತಿದಾರೆ, ನೀನು ಅಲ್ಲಿಗೇ ಡ್ರೈವ್ ಮಾಡ್ತೀಯಾ?" ಎಂದರು ಗಂಡ ಕೃಷ್ಣಸ್ವಾಮಿ.

"ಅವ್ರಿಗೆ ಒಬ್ರೇ ಎದ್ದು ನಿಲ್ಲಕ್ಕೂ ಆಗಲ್ಲ ರೀ. ನಂಗೂ ಭಯಾನೇ."

ದಾರಿಯುದ್ದಕ್ಕೂ ಕಾರಿನ ಗಾಜಿಗೆ ಕಿಡಿಗಳು ಬಂದು ಬಡಿಯುತ್ತಿದ್ದವು. ಮನೆಯಲ್ಲಿ ಕರೆಂಟ್ ಇರಲಿಲ್ಲ. ವೆಲ್ಲಾನಿ ಮಂಚದ ಪಕ್ಕ ನೆಲದ ಮೇಲೆ ಕುಳಿತು ಗಡಗಡ ನಡುಗುತ್ತಿದ್ದರು.

"ಸಿನಿಮಾದ ಧೈರ್ಯವೆಲ್ಲ ನಟನೆ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. "ನನಗೆ ಕ್ಯಾಮೆರಾ ಕಂಡರೂ ಹೆದರಿಕೆಯಿತ್ತು."

"ಮತ್ತೆ ಹೇಗೆ ಮಾಡುತ್ತಿದ್ದಿರಿ?"

"ಉಸಿರು ಪೂರ್ತಿ ಹೊರಗೆ ಬಿಟ್ಟು, ಒಂದು ಹೆಜ್ಜೆ ಇಡುತ್ತಿದ್ದೆ."

ಇಬ್ಬರೂ ಉಸಿರು ಬಿಟ್ಟರು. ಮೈಥಿಲಿ ವೆಲ್ಲಾನಿಯನ್ನು ಎಬ್ಬಿಸಿ, ತೋಳು ಹಿಡಿದು, ಹೊಗೆಯೊಳಗೆ ತಡವರಿಸುತ್ತ ಕಾರಿಗೆ ಕರೆತಂದರು. ಹೊರಡುವಾಗಲೇ ಪಕ್ಕದ ಮನೆಯ ತಾಳೆಮರ ಧಗ್ಗನೆ ಹೊತ್ತಿಕೊಂಡಿತು.

ಪೋಸ್ಟರು, ಪ್ರಶಸ್ತಿಗಳ ಸಮೇತ ವೆಲ್ಲಾನಿಯ ಮನೆ ಬೂದಿಯಾಯಿತು. ಆ ಬೇಸಿಗೆಯಲ್ಲಿ ಅವರೂ ತೀರಿಕೊಂಡರು. ಪತ್ರಿಕೆಗಳು ಅವರ ಪಾತ್ರಗಳ ಎದೆಗಾರಿಕೆಯನ್ನು ಕೊಂಡಾಡಿದವು. ಮೈಥಿಲಿ ಅದನ್ನೆಲ್ಲ ಓದಿ ಅತ್ತರು. ಈಗಲೂ ಗಾಳಿ ಜೋರಾದರೆ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಯ ಬಳಿ ಹೋಗಿ, ಹೊಗೆಯ ವಾಸನೆ ಬರುತ್ತಿದೆಯೇ ಎಂದು ನೋಡುತ್ತಾರೆ.