ಈರಬಸಪ್ಪನ ಕುತ್ತಿಗೆ, ಕುಂಕುಮದ ಕನ್ನಡಿ

ದುರ್ಗದ ಸೀಮೆಯಲ್ಲಿ ಹಿಂದಕ್ಕೆ ತಿರುಗದ ವಸ್ತುಗಳು ಮೂರೇ ಎಂದು ಹೇಳುತ್ತಿದ್ದರು: ಕೋಟೆಯ ಬಂಡೆ, ವೇದಾವತಿಯ ನೀರು, ಡ್ರೈವರ್ ಈರಬಸಪ್ಪನ ಕುತ್ತಿಗೆ. ಮಾರಿಕಣಿವೆಗೆ ಕಟ್ಟೆ ಕಟ್ಟಿದ ಮೇಲೆ ವೇದಾವತಿಯೂ ಸೋತು ನಿಂತು ಒಮ್ಮೆ ಹಿಂದಕ್ಕೆ ನೋಡಿತು. ಬಂಡೆಯ ವಿಚಾರ ಬಂಡೆಗೇ ಗೊತ್ತು. ಈರಬಸಪ್ಪನ ಕುತ್ತಿಗೆ ಮಾತ್ರ, ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಯಾರು ಕೂಗಿದರೂ, ನಾಯಿಗಳ ದಂಡು ಅಟ್ಟಿಸಿಕೊಂಡು ಬಂದರೂ, ಒಮ್ಮೆ ಹಿಂದಿನ ಚಕ್ರವೇ ಕಳಚಿಕೊಂಡು ತನ್ನ ಪಾಡಿಗೆ ತಾನು ರಾಗಿ ಹೊಲಕ್ಕೆ ಇಳಿದು ಹೋದಾಗಲೂ, ತಿರುಗಿದ್ದಿಲ್ಲ. ಇಂಥ ಕುತ್ತಿಗೆಗೆ ಒಂದು ಕಾರಣ ಬೇಕಲ್ಲ? ಜನ ಭಾರಿ ಕಾರಣವನ್ನೇ ಹುಡುಕಿಕೊಂಡರು. ಈರಬಸಪ್ಪನನ್ನು ಕೇಳುವುದಕ್ಕಿಂತ ಅದು ಸುಲಭವಾಗಿತ್ತು.

ಈ ಕುತ್ತಿಗೆಗೆ ಸಂಬಳ ಕೊಡುತ್ತಿದ್ದವರು ಹೊಳಲ್ಕೆರೆಯ ಅಡಿಕೆ ಮಂಡಿಯ ಹಾಲಸ್ವಾಮಿಯವರು. ಛತ್ರದಲ್ಲಿ ಮಲಗುವವರು ಮನುಷ್ಯರಲ್ಲ ಎಂಬುದು ಅವರ ಮೊದಲ ಸಿದ್ಧಾಂತ. ವ್ಯಾಪಾರಕ್ಕೆಂದು ಹೊಸದುರ್ಗ, ಹಿರಿಯೂರು ಸುತ್ತುವಾಗ ಕಂಡಕಂಡವರ ಪಕ್ಕದಲ್ಲಿ ಚಾಪೆ ಹಾಸುವುದು ಹೇಗೆ? ಜರ್ಮನಿ ಯುದ್ಧ ಮುಗಿದು ಬೆಂಗಳೂರಿನ ದಂಡಿನಲ್ಲಿ ಹಳೆಯ ಲಾರಿಗಳನ್ನು ಮಾರಿದಾಗ ಒಂದನ್ನು ಕೊಂಡು ತಂದು, ಅದರ ಬೆನ್ನ ಮೇಲೆ ತೇಗದ ಕೋಣೆ ಕಟ್ಟಿಸಿದರು. ಒಳಗೆ ಮಂಚ, ಸೀಮೆಎಣ್ಣೆ ಒಲೆ, ಹಿತ್ತಾಳೆ ಹಂಡೆ. ಹಿಂದುಗಡೆ ಬಾಗಿಲು. ಡ್ರೈವರನ ಎರಡೂ ಪಕ್ಕಕ್ಕೆ ಗಾಜಿನ ಕಿಟಕಿ, ಅವನ ತಲೆಯ ಹಿಂದೆ ಯಜಮಾನರು ಬೈಯಲು ಅನುಕೂಲವಾಗುವಂತೆ ಒಂದು ಕಿಂಡಿ. ಅದಕ್ಕೆ ಅವರಿಟ್ಟ ಹೆಸರು ಬಿಡಾರದ ಮೋಟಾರು. ಊರಿನವರು 'ಕಣಜಕ್ಕೆ ಕಾಲು ಬಂದೈತೆ' ಎಂದರು.

ಈರಬಸಪ್ಪ ಕುರಿ ಕಾಯುವ ಮನೆಯವನು. ಹಟ್ಟಿ ಬಿಟ್ಟು ಬೆಂಗಳೂರು ಸೇರಿ, ದಂಡಿನ ಮೋಟಾರುಗಳನ್ನು ತೊಳೆಯುತ್ತ ತೊಳೆಯುತ್ತ ಓಡಿಸುವುದನ್ನೂ ಕಲಿತಿದ್ದ. ಕೆಲಸಕ್ಕೆ ಸೇರುವ ದಿನ ಸಂಬಳದ ಮಾತನ್ನೇ ಎತ್ತದೆ, "ಬಲಗಡೆಗೆ ಒಂದು ಕನ್ನಡಿ ಹಾಕಿಸ್ರಿ ಸ್ವಾಮಿ" ಎಂದ.

"ಯಾಕಲೇ, ಆ ಮುಖಕ್ಕೆ ಕನ್ನಡಿ ಬೇರೆ ಕೇಡು!" ಎಂದು ನಕ್ಕು ಹಾಲಸ್ವಾಮಿಯವರು ಹಾಕಿಸಿಕೊಟ್ಟರು. ಉತ್ತರಕ್ಕೆ ಕಾಯಲಿಲ್ಲ. ಆಳುಗಳಿಗೆ ಉತ್ತರ ಕೊಡಲು ಬಿಟ್ಟರೆ ಸದರವಾಗುತ್ತದೆ ಎಂಬುದು ಅವರ ಎರಡನೆಯ ಸಿದ್ಧಾಂತ.

ದಂತಕಥೆಯ ಹೆರಿಗೆ ಆದದ್ದು ಹೊಸದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ. ಸೂಲಗಿತ್ತಿ ಕಾಳಕ್ಕ ಎಂಬ ಮುದುಕಿ. ಮೋಟಾರಿನ ಪಕ್ಕ ಬಂದು ನಿಂತು, "ಏನಪ್ಪ, ಆಗ್ಲಿಂದ ನೋಡ್ತಿದೀನಿ, ಒಂದ್ಸಲನಾದ್ರೂ ಹಿಂದಕ್ಕೆ ತಿರುಗಲ್ಲವಲ್ಲ, ಯಾಕೆ?" ಎಂದು ಕೇಳಿದಳು. ಈರಬಸಪ್ಪನ ಬಾಯಿ ತುಂಬ ಎಲೆಯಡಿಕೆ. ಉಗುಳಲು ಸೋಮಾರಿತನ. ಸುಮ್ಮನೆ ಕನ್ನಡಿಯತ್ತ ಬೆರಳು ತೋರಿಸಿದ.

ಕಾಳಕ್ಕನಿಗೆ ಮೈ ಜುಮ್ಮೆಂದಿತು. ಭಕ್ತನ ಬೆನ್ನ ಹಿಂದೆ ನಡೆದು ಬರುವ ಅಮ್ಮ 'ತಿರುಗಿ ನೋಡಿದೆಯೋ, ಅಲ್ಲೇ ನಿಂತುಬಿಡುತ್ತೇನೆ' ಎಂದು ಷರತ್ತು ಹಾಕಿರುತ್ತಾಳೆಂಬುದು ಯಾರಿಗೆ ತಿಳಿಯದು? ಮುಂದುಗಡೆ ಮಾತಾಡದ, ತಿರುಗದ ಭಕ್ತ. ಪಕ್ಕದಲ್ಲಿ ಕಳಸ ಕನ್ನಡಿಯ ಕನ್ನಡಿ. ಹಾಗಾದರೆ ಮೋಟಾರಿನ ಹಿಂದೆ ಬರುತ್ತಿರುವವಳು ಯಾರು? ಕಾಳಕ್ಕ ಓಡಿ ಹೋಗಿ ಕುಂಕುಮದ ಬಟ್ಟಲು ತಂದು ಕನ್ನಡಿಯ ನಟ್ಟನಡುವೆ ಬಳಿದಳು.

ಅಲ್ಲಿಂದ ಮುಂದೆ ಯಾವ ಊರಿನಲ್ಲಿ ನಿಂತರೂ ಅದೇ ಸಂಭ್ರಮ. ಕನ್ನಡಿಗೆ ಕುಂಕುಮ, ಪಕ್ಕದ ಗಾಜುಗಳಿಗೆ ಅರಿಸಿನ, ಮೂಲೆಗಳಿಗೆ ಬೇವಿನ ಸೊಪ್ಪು, ಚೆಂಡು ಹೂವಿನ ಹಾರ. ಹಾಲಸ್ವಾಮಿಯವರು ಮೊದಲು ಉರಿದುಬಿದ್ದರು, ಒಡೆದ ಕಾಯಿಯ ಹೋಳು ತಮ್ಮ ಬದಲು ಡ್ರೈವರನ ಕೈಗೆ ಹೋಗುತ್ತಿತ್ತು. ಆಮೇಲೆ ಯೋಚಿಸಿದರು: ಮೋಟಾರು ಯಾರದು? ನನ್ನದು. ಹಾಗಿದ್ದಮೇಲೆ ಪೂಜೆ ಯಾರಿಗೆ?

ಯೋಚನೆ ಹಿಗ್ಗಿತು. ಆ ವರ್ಷ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ವರ್ತಕರ ಕಡೆಯಿಂದ ಒಬ್ಬರನ್ನು ನಿಲ್ಲಿಸಲು ದುರ್ಗದ ಮುರುಗಪ್ಪನವರ ಅಂಗಡಿಯಲ್ಲಿ ಸಭೆ ಸೇರುವುದಿತ್ತು. ಮುರುಗಪ್ಪನವರು ಯಾರ ಹೆಸರು ಹೇಳಿದರೆ ಅವರೇ ಗಟ್ಟಿ. "ಸಂಜೆಯೊಳಗೆ ಬರ್ರಿ, ನಿಮ್ಮ ಹೆಸರೇ ಹೇಳಾಣ" ಎಂದು ಅವರು ಹಾಲಸ್ವಾಮಿಯವರಿಗೆ ಮಾತೂ ಕೊಟ್ಟಿದ್ದರು. ದಸರಾ ದರ್ಬಾರಿಗೆಂದು ಜರಿ ಪೇಟ ಆಗಲೇ ಬಂದು ಮೋಟಾರಿನ ಗೂಟದಲ್ಲಿ ತೂಗುತ್ತಿತ್ತು. ತಲೆ ಮೈಸೂರಿಗೆ ಹೋಗುವ ಮೊದಲೇ ಪೇಟ ಸಿದ್ಧ.

ಹೊರಟ ದಿನ ಹೊಳಲ್ಕೆರೆ ದಾಟುವಾಗಲೇ ಮಳೆ ಹಿಡಿಯಿತು. ಕನ್ನಡಿಯ ಕುಂಕುಮ ಕರಗಿ ಕೆಂಪು ಕೆಸರಾಯಿತು. ಪಕ್ಕದ ಗಾಜುಗಳ ಹೊರಗೆ ಅರಿಸಿನದ ಹೊಳೆ, ಒಳಗೆ ಉಸಿರಿನ ಹಬೆ. ಈರಬಸಪ್ಪನಿಗೆ ಬಲಕ್ಕೆ ಕೆಂಪು ಲೋಕ, ಎಡಕ್ಕೆ ಹಳದಿ ಲೋಕ.

"ಸ್ವಾಮಿ, ಕನ್ನಡಿ ಕಾಣ್ತಿಲ್ಲ. ಪಕ್ಕದ ಗಾಜೂ ಕಾಣ್ತಿಲ್ಲ. ಇಳಿದು ಒರೆಸ್ಕಂಬಿಡ್ಲಾ?" ಎಂದ ಕಿಂಡಿಗೆ ಕೇಳುವಂತೆ.

"ಮುಟ್ಟಿದ್ರೆ ಕೈ ಮುರಿತೀನಿ! ಜನ ನನ್ನ ಮೋಟಾರಿಗೆ ಎಂಗೆ ಪೂಜೆ ಮಾಡ್ತಾರೆ ಅನ್ನೋದನ್ನ ಮುರುಗಪ್ಪನೋರು ಕಣ್ಣಾರೆ ನೋಡ್ಲಿ. ನೀನು ಮುಂದೆ ನೋಡ್ಕಂಡು ಓಡ್ಸಲೇ. ಹಿಂದೆ ನಾನಿಲ್ವಾ?"

ಆ ಮಾತು ಆಡಿದ ಸ್ವಲ್ಪ ಹೊತ್ತಿಗೇ ಒಂದು ಹಳ್ಳದಲ್ಲಿ ಹಿಂದಿನ ಚಕ್ರ ಹೂತುಕೊಂಡಿತು. ಪಕ್ಕದ ಹಟ್ಟಿಯಿಂದ ರಂಗಯ್ಯ ಎಂಬ ಹಿರಿಯ, ಅವನ ಹೆಂಡತಿ ಓಬಕ್ಕ, ಇನ್ನಷ್ಟು ಜನ ಕಂಬಳಿ ಹೊದ್ದು ಬಂದು ಭಕ್ತಿಯಿಂದ ನೂಕತೊಡಗಿದರು. ನಾಲ್ಕು ಜನ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಬೈಯದಿರುವುದು ಹಾಲಸ್ವಾಮಿಯವರಿಂದ ಆಗದ ಕೆಲಸ. ನೆನೆದೀತೆಂದು ಪೇಟವನ್ನು ಗೂಟದಲ್ಲೇ ಬಿಟ್ಟು, ಕೊಡೆ ಹಿಡಿದು, ಹಿಂದಿನ ಬಾಗಿಲಿನಿಂದ ಇಳಿದರು. ಇಳಿಯುತ್ತೇನೆಂದು ಡ್ರೈವರನಿಗೆ ಹೇಳಲಿಲ್ಲ. ಆಳಿಗೆ ಹೇಳಿ ಇಳಿಯಬೇಕೆ?

"ನೂಕ್ರಲೇ, ಅನ್ನ ತಿನ್ನಲ್ವಾ!" ಎಂದು ಅವರು ಗರ್ಜಿಸುವುದಕ್ಕೂ ಮೋಟಾರು ಅವರ ಎದೆಯ ತುಂಬ ಕೆಸರೆರಚಿ ಹಳ್ಳ ಹತ್ತುವುದಕ್ಕೂ ಸರಿಹೋಯಿತು. ಹತ್ತಿದ್ದು ನಿಲ್ಲಲಿಲ್ಲ.

"ಲೇ ಈರಾ! ನಿಲ್ಸಲೇ! ತಿರುಗಿ ನೋಡಲೇ!"

ರಂಗಯ್ಯ ಹಾರಿ ಬಂದು ಅವರ ಬಾಯಿ ಮುಚ್ಚಿದ. "ಕೂಗ್‌ಬ್ಯಾಡ್ರಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ! ಅವ ತಿರುಗಿದ್ರೆ ಅಮ್ಮ ಇಲ್ಲೇ ನಿಂತ್ಬಿಡ್ತಾಳೆ!"

"ಇರೋ ಅಮ್ಮಗಳಿಗೇ ಮಾಡಿ ಮಾಡಿ ಸಾಕಾಗೈತೆ," ಎಂದು ಓಬಕ್ಕ ತನ್ನ ಒದ್ದೆ ಕಂಬಳಿಯನ್ನು ಅವರ ತಲೆಯ ಮೇಲೆ ಕವುಚಿದಳು. "ಈಕೆಗೂ ಗುಡಿ ಕಟ್ಟೋರ್ಯಾರು, ನೀವಾ?"

"ನಾನು ಪ್ರಜಾಪ್ರತಿನಿಧಿ ಆಗೋನು ಕಣ್ರಲೇ!" ಎಂದು ಕಂಬಳಿ ಕೂಗಿತು.

"ಆಗೀರಂತೆ. ಈಗ ಬಾಯಿ ಮುಚ್ಕಂಡು ಕುಂತ್ಕಳ್ರಿ."

ಪ್ರಜೆಗಳು ತಮ್ಮ ಪ್ರತಿನಿಧಿಯನ್ನು ಮೋಟಾರಿನ ಸದ್ದು ಅಡಗುವವರೆಗೂ ಹಾಗೇ ಅದುಮಿ ಹಿಡಿದಿದ್ದರು.

ಇತ್ತ ದುರ್ಗದಲ್ಲಿ ಮುರುಗಪ್ಪನವರ ಅಂಗಡಿಯ ಮುಂದೆ ವಾಲಗ ಊದುತ್ತಿದ್ದಂತೆ ಬಿಡಾರದ ಮೋಟಾರು ಬಂದು ನಿಂತಿತು. ವರ್ತಕರು ಹಾರ ಹಿಡಿದು ಹಿಂದಕ್ಕೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚ, ಒಲೆ, ಹಂಡೆ, ಗೂಟದಲ್ಲಿ ಪೇಟ.

"ಎಲ್ಲಪ್ಪ ನಿಮ್ಮ ಯಜಮಾನ್ರು?"

"ಹಿಂದೆ ಅವ್ರೆ" ಎಂದ ಈರಬಸಪ್ಪ, ಕೂತಲ್ಲಿಂದಲೇ.

"ಪೇಟ ಐತೆ, ತಲೆ ಇಲ್ಲ" ಎಂದ ಒಳಗೆ ಇಣುಕಿದ ವರ್ತಕನೊಬ್ಬ.

"ಅದು ಮೊದ್ಲೂ ಇರ್ಲಿಲ್ಲ ಬಿಡ್ರಿ" ಎಂದಿತು ಗುಂಪಿನಲ್ಲಿ ಒಂದು ದನಿ.

ಮುರುಗಪ್ಪನವರಿಗೆ ನಗು ಬರಲಿಲ್ಲ. ಬರುತ್ತೇನೆಂದವನು ಪೇಟ ಮಾತ್ರ ಕಳಿಸಿದ್ದಾನೆ ಎಂದರೆ, ನಮ್ಮ ಸಭೆಗೆ ಪೇಟವೇ ಹೆಚ್ಚು ಎಂದರ್ಥವಲ್ಲವೇ? ಹಾರ ಬಾಡುವ ಮೊದಲೇ ಅದನ್ನು ಸೀಮೆಎಣ್ಣೆ ಅಂಗಡಿಯ ಪರಮೇಶ್ವರಪ್ಪನ ಕೊರಳಿಗೆ ಹಾಕಿಸಿದರು. ಪರಮೇಶ್ವರಪ್ಪನಿಗಿದ್ದ ಯೋಗ್ಯತೆ ಒಂದೇ, ಆ ಹೊತ್ತಿಗೆ ಅವನು ಅಲ್ಲಿದ್ದ.

ಮರುದಿನ ಬೆಳಿಗ್ಗೆ ಹುಲ್ಲಿನ ಗಾಡಿಯೊಂದು ಹಾಲಸ್ವಾಮಿಯವರನ್ನು ಅದೇ ಅಂಗಡಿಯ ಮುಂದೆ ಇಳಿಸಿತು. ಮೈಮೇಲೆ ಓಬಕ್ಕನ ಕಂಬಳಿ, ತಲೆಯಲ್ಲಿ ಹುಲ್ಲು. ಎದುರಿಗೆ ಪರಮೇಶ್ವರಪ್ಪ ಹಲ್ಲು ಕಿರಿಯುತ್ತ ಕೂತಿದ್ದಾನೆ. ಮೋಟಾರಿನ ಸುತ್ತ ಕಾಯಿ ಒಡೆಯಲು ಬಂದವರ ಗುಂಪು. ನಡುವೆ ಈರಬಸಪ್ಪ ಕೊನೆಗೂ ಕನ್ನಡಿ ಒರೆಸುತ್ತಿದ್ದಾನೆ.

"ಲೇ ಈರಾ!" ಹಾಲಸ್ವಾಮಿಯವರ ದನಿ ಕೋಟೆಗೆ ಬಡಿದು ವಾಪಸು ಬಂತು. "ನನ್ನ ಮಾನ, ನನ್ನ ಸೀಟು, ಎಲ್ಲಾ ಕೆರೆಗೆ ಹಾಕಿದೆಯಲ್ಲಲೇ! ಯಾವ ಅಮ್ಮಗೆ ಹರಕೆ ಹೊತ್ತೀಯ? ಒಂದೇ ಒಂದ್ಸಲ ತಿರುಗಿ ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಗುಂಪು ಮುಂದಕ್ಕೆ ನುಗ್ಗಿತು. ರಾತ್ರಿ ಅಲ್ಲೇ ಉಳಿದಿದ್ದ ವಾಲಗದವರೂ ಹತ್ತಿರ ಸರಿದರು. ಅಮ್ಮನ ಹೆಸರು ಈಗ ಹೊರಬೀಳುತ್ತದೆಂದು ಒಬ್ಬಾಕೆ ಕೈಯನ್ನೂ ಮುಗಿದಳು.

ಈರಬಸಪ್ಪ ಕಾಲು ಎತ್ತಿಡುತ್ತ ಇಡೀ ಮೈಯನ್ನು ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಯಜಮಾನರ ಕಡೆಗೆ ತಿರುಗಿಸಿಕೊಂಡು, ಈ ಸಲ ಎಲೆಯಡಿಕೆಯನ್ನು ಉಗುಳಿದ.

"ಹರಕೆ ಗಿರಕೆ ಏನಿಲ್ಲ ಸ್ವಾಮಿ. ಹಟ್ಟಿಯಾಗಿದ್ದಾಗ ಟಗರು ಗುದ್ದಿತ್ತು, ಕುತ್ತಿಗೆ ತಿರುಗಲ್ಲ. ಅದಕ್ಕೇ ಕನ್ನಡಿ ಕೇಳಿದ್ದು."