ಫ್ಯಾನ್ ಇಳಿಸಿದ ಕೋಣೆ

ಮಗಳು ಆ ಫೋಟೋ ತೋರಿಸಿ ಏನೆಂದಳು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಜಯನಗರದ ಒಂದು ಫರ್ನಿಚರ್ ಅಂಗಡಿ. ಗೋಡೆಯ ಮೇಲೆ ದೊಡ್ಡ ಫೋಟೋ: ಅಲ್ಲಲ್ಲಿ ಬಿಳಿ ಬಣ್ಣ ಸವೆದ ಮಂಚ, ಅದರ ಮೇಲೆ ಸೂರಿನಿಂದ ಇಳಿಬಿದ್ದ ತೆಳು ಪರದೆ, ಗೋಡೆಗೆ ನೀಲಿ ಹೂವಿನ ಕಾಗದ. "ಅಪ್ಪಾ, ನಂಗೆ ಇಂಥ ರೂಮ್ ಬೇಕು." ಅಂಗಡಿಯವನು ಅದನ್ನು ಫ್ರೆಂಚ್ ಕಂಟ್ರಿ ಸ್ಟೈಲ್ ಎಂದ.

ಕೆಲವು ವರ್ಷಗಳ ಮೇಲೆ ನಾನೂ ಹೆಂಡತಿಯೂ ಬೇರೆಯಾದೆವು. ಮಗಳು ಬನಶಂಕರಿಯಲ್ಲಿ ಅಮ್ಮನ ಜೊತೆ ಉಳಿದಳು. ನಾನು ಜರಗನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ. ಶನಿವಾರ, ಭಾನುವಾರ ನನ್ನ ಬಳಿ ಇರುವುದೋ ಬೇಡವೋ ಎಂಬುದನ್ನು ಮಗಳೇ ಒಮ್ಮೆ ಬಂದು ನೋಡಿ ಹೇಳಲಿ ಎಂದು ಇಬ್ಬರೂ ಒಪ್ಪಿದ್ದೆವು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ, ಯಾರು ಏನು ಹೇಳಿದರೂ ಆಧಾರ ಕೇಳುವುದನ್ನು ರೂಢಿ ಮಾಡಿಕೊಂಡವನು ನಾನು. ಅವಳ ಆ ಒಂದು ಮಾತಿಗೆ ಮಾತ್ರ ಆಧಾರ ಕೇಳಲಿಲ್ಲ. ಅದನ್ನೇ ನಂಬಿ ಕೋಣೆ ಸಿಂಗರಿಸಲು ಹೊರಟೆ.

ಹೊಸ ಮಂಚಕ್ಕೆ ಬಿಳಿ ಬಣ್ಣ ಹೊಡೆಸಿದೆ. ಒಣಗಿದ ಮೇಲೆ ಉಪ್ಪುಕಾಗದ ಹಿಡಿದು ಅಂಚುಗಳನ್ನು ನಾನೇ ಉಜ್ಜುತ್ತ ಕೂತಿದ್ದಾಗ ಮನೆ ಓನರ್ ಬಾಗಿಲಲ್ಲಿ ನಿಂತರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈ ಕಟ್ಟಡ ಎದ್ದಿರುವುದು.

"ಏನ್ ಸಾರ್, ಹೊಸ ಮಂಚ ತಂದು ಉಜ್ಜಿ ಉಜ್ಜಿ ಹಳೇದ್ ಮಾಡ್ತಾ ಇದೀರಾ?"

"ಫ್ರಾನ್ಸ್ ಕಡೆ ಹಳ್ಳಿ ಸ್ಟೈಲು ಇದು."

"ಹಳ್ಳೀದೇ ಬೇಕಿದ್ರೆ ನಮ್ಮನ್ನ ಕೇಳೋದಲ್ವಾ! ನಮ್ಮಜ್ಜಿ ಮಂಚ ಹಿತ್ಲಲ್ ಬಿದ್ದೈತೆ. ನೀವ್ ಉಜ್ಜೋದೂ ಬೇಡ, ಗೆದ್ಲೇ ಉಜ್ಜೈತೆ."

ತೊಂದರೆಯಾದದ್ದು ಪರದೆಗೆ. ಮಂಚದ ಮೇಲೆ ಸೂರಿನಲ್ಲಿದ್ದದ್ದು ಒಂದೇ ಕೊಕ್ಕೆ, ಅದರಲ್ಲಿ ಫ್ಯಾನ್. ಸೂರು ಕೊರೆಯಲು ಓನರ್ ಬಿಡಲಿಲ್ಲ. ನಾನು ಹುಡುಗನಾಗಿದ್ದಾಗ ಜಯನಗರದ ನಮ್ಮ ಮನೆಯಲ್ಲಿ ಫ್ಯಾನೇ ಇರಲಿಲ್ಲ, ಬೇಸಿಗೆಯಲ್ಲೂ ಹೊದ್ದುಕೊಂಡೇ ಮಲಗುತ್ತಿದ್ದೆವು. ಬೆಂಗಳೂರಿಗೆ ಫ್ಯಾನ್ ಯಾಕೆ ಎಂದುಕೊಂಡೆ. ಫ್ಯಾನ್ ಇಳಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಕೊಕ್ಕೆಗೆ ಪರದೆ ಕಟ್ಟಿದೆ. ಕೋಣೆ ಥೇಟ್ ಫೋಟೋದಂತೆಯೇ ಆಯಿತು.

ಮಗಳು ಬಂದದ್ದು ಏಪ್ರಿಲ್‌ನಲ್ಲಿ. ಬಾಗಿಲಲ್ಲಿ ನಿಂತು, "ಚೆನ್ನಾಗಿದೆ ಅಪ್ಪ," ಎಂದಳು. ನೆಂಟರ ಮನೆಯಲ್ಲಿ ಉಪ್ಪಿಟ್ಟು ಹೊಗಳುವ ದನಿ. ಮಧ್ಯಾಹ್ನ ಊಟವಾದ ಮೇಲೆ ಮಲಗಲು ಹೋದವಳು ಸ್ವಲ್ಪ ಹೊತ್ತಿಗೆ ಬೆವರಿ ಹೊರಬಂದಳು.

"ಅಪ್ಪ, ಫ್ಯಾನ್ ಸ್ವಿಚ್ ಯಾವ್ದು?"

"ಫ್ಯಾನ್ ತೆಗೆಸಿದೀನಿ ಪುಟ್ಟಾ. ನೀನು ಕೇಳಿದ್ಯಲ್ಲ, ಆ ಫೋಟೋದ ಥರ ಇರ್ಲಿ ಅಂತ."

"ನಾನಾ? ಯಾವ ಫೋಟೋ?"

ಅಂಗಡಿ, ಗೋಡೆ, ಮಂಚ ಎಲ್ಲವನ್ನೂ ಹೇಳಿದೆ.

"ಅಯ್ಯೋ, ಅದು ಅಮ್ಮ! ನಾನಾಗ ಸೋಫಾ ಮೇಲೆ ಹಾರ್ತಾ ಇದ್ದೆ, ನೀನು ಬೈದೆ. ಚಿಕ್ಕೋಳಿದ್ದಾಗ ಅಮ್ಮಂಗೆ ರೂಮೇ ಇರ್ಲಿಲ್ವಂತೆ. ಅದಕ್ಕೆ ನಂಗೆ ಹಂಗೆ ಮಾಡ್ಸೋಣ ಅಂದ್ಲು."

ಸೋಫಾ ನನಗೆ ನೆನಪಿಗೆ ಬರಲಿಲ್ಲ. ಬೈದದ್ದೂ ನೆನಪಿಲ್ಲ. ಆದರೆ ಅವಳು ಹಾಗೆಂದ ಮೇಲೆ, ನನ್ನ ಕಿವಿಯಲ್ಲಿದ್ದ ಆ "ಅಪ್ಪಾ" ಎಂಬ ದನಿ ಮಗುವಿನದಾಗಿ ಉಳಿಯಲಿಲ್ಲ.

ಸಂಜೆ ಅವಳೇ ಫೋನ್ ಮಾಡಿ ಅಮ್ಮನನ್ನು ಕರೆಸಿಕೊಂಡಳು. ಹೆಂಡತಿ ಬಂದು, ಕೋಣೆ ನೋಡಿ, ಮಂಚದ ಸವೆದ ಅಂಚಿನ ಮೇಲೆ ಬೆರಳಾಡಿಸಿದಳು.

"ನಾನು ಕೇಳ್ದಾಗ ನೀನು, ಗೊಂಬೆ ಮನೆ ಮಾಡಕ್ಕಾಗುತ್ತಾ ಅಂದಿದ್ದೆ."

"ಅಂದಿರ್ಲಿಲ್ಲ."

"ಸರಿ. ಅಂದಿರ್ಲಿಲ್ಲ."

ನಮ್ಮ ಜಗಳಗಳೆಲ್ಲ ಹೀಗೆಯೇ ಮುಗಿಯುತ್ತಿದ್ದವು. ಇದರಲ್ಲಿ ನನಗೆ ಅನುಮಾನವಿಲ್ಲ.

ಗೇಟಿನ ಬಳಿ ಮಗಳು ನನ್ನ ಕೈ ಹಿಡಿದುಕೊಂಡಳು. "ಅಪ್ಪ, ಇಲ್ಲಿ ಇರೋದು ಬೇಡ. ಭಾನುವಾರ ಹೊರಗೇ ಸಿಗೋಣ. ದೋಸೆ ತಿನ್ನೋಣ."

"ನಾಳೇನೇ ಫ್ಯಾನ್ ಹಾಕಿಸ್ತೀನಿ."

"ಫ್ಯಾನಿಗಲ್ಲ ಅಪ್ಪ. ಅಲ್ಲಿ ನಂದು ಅಂತ ಏನೂ ಇಲ್ಲ."

ಆ ವಾರ ಅಕ್ಕನಿಗೆ ಫೋನ್ ಮಾಡಿ, ಜಯನಗರದ ನಮ್ಮ ಮನೆಯಲ್ಲಿ ಫ್ಯಾನ್ ಇರಲಿಲ್ಲ ಅಲ್ಲವೇ ಎಂದು ಕೇಳಿದೆ. "ಇರ್ಲಿಲ್ವಾ? ಅಪ್ಪ ಆಫೀಸಿಂದ ಬಂದು ಅದರ ಕೆಳಗೇ ಅಲ್ವೇನೋ ಕೂರ್ತಿದ್ದಿದ್ದು! ಯಾರನ್ನೂ ಹತ್ರ ಬಿಡ್ತಿರ್ಲಿಲ್ಲ," ಎಂದು ನಕ್ಕಳು.

ಫ್ಯಾನನ್ನು ಮತ್ತೆ ಹಾಕಿಸಿದೆ. ಪರದೆ ಈಗ ಅಟ್ಟದಲ್ಲಿದೆ. ಭಾನುವಾರ ಹೋಟೆಲಿನಲ್ಲಿ ಈ ಸುದ್ದಿಯನ್ನು ಮಗಳಿಗೆ ಹೇಳಿದೆ.

"ಹೌದಾ? ಒಳ್ಳೇದಾಯ್ತು ಅಪ್ಪ," ಎಂದು ಅವಳು ದೋಸೆಯ ತುದಿ ಮುರಿದಳು.

ಇನ್ನೊಂದಿಷ್ಟು ಚಟ್ನಿ ಹಾಕಿಸಲಾ ಎಂದು ಕೇಳಿದೆ.