ಕಮಲನಗರದಲ್ಲಿ ಇಳಿದುಬಿಟ್ಟ ಡಾಕ್ಟರು

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಶಾಲೆಗಳ ತಪಾಸಣೆಗೆಂದು ಭಾಲ್ಕಿಯಲ್ಲಿ ಔರಾದಿನ ಬಸ್ಸು ಹತ್ತಿದರೆ ಸಾಕು, ನನ್ನ ಎದೆ ಹೊಡೆದುಕೊಂಡು ಉಸಿರು ಕಟ್ಟುತ್ತಿತ್ತು. ಪ್ರತಿ ಸಲವೂ ನಡುದಾರಿಯಲ್ಲಿ ಇಳಿದು ವಾಪಸಾಗುತ್ತಿದ್ದೆ. ಕೆಲಸ ಮಾಡಲಾಗದವನು ನೌಕರಿಯಲ್ಲಿ ಇರಬಾರದೆಂದು ರಾಜೀನಾಮೆಗೂ ಸಿದ್ಧನಾದೆ.

ಭಾಲ್ಕಿಯ ಡಾಕ್ಟರು ಪರೀಕ್ಷಿಸಿದರು. "ಎದಿ ಗಟ್ಟಿ ಅದರಿ ಸಾಹೇಬ್ರ. ಇದು ಅಂಜಿಕಿ ರೋಗ. ನೀವು ಓಡಿ ಬಂದಷ್ಟೂ ಬಲೀತದ, ಕೂತೇ ಇದ್ರ ತಾನಾಗೇ ತಗ್ಗತದ."

"ಔಷಧ ಕೊಡಿ."

"ಬಸ್ಸೇ ಔಷಧರಿ. ನಡೀರಿ, ಔರಾದತನ ನಾನೂ ಬರ್ತೇನಿ."

ದಾರಿಯಲ್ಲಿ ಕೈಕಾಲು ನಡುಗಿ ಎದ್ದು ನಿಂತೆ. "ಕೂಡ್ರಿ, ಸಾಯೂದಿಲ್ಲ!" ಎಂದು ಗದರಿದರು. ಕೂತೆ. ನಡುಕ ಮೆಲ್ಲಗೆ ತಗ್ಗಿತು. ನಡುದಾರಿಯ ಕಮಲನಗರ ಬಂದದ್ದೇ ಅವರು ಇಳಿದು, "ಇನ್ನ ನೀವೊಬ್ರೇ ಹೋಗ್ರಿ" ಎಂದು ಕೈ ಬೀಸಿದರು.

ಒಬ್ಬನೇ ಔರಾದ ಮುಟ್ಟಿದೆ. ಕೊಟ್ಟ ಮಾತಿಗೆ ತಪ್ಪಿದವರನ್ನು ನಾನು ಕ್ಷಮಿಸಿದವನಲ್ಲ. ಆ ಡಾಕ್ಟರಿಗೆ ಮಾತ್ರ ಇಂದಿಗೂ ಋಣಿ.